ಗ್ಯಾಸ್ ತುಂಬಿಸಿ ಇಪ್ಪತ್ತು ದಿನ ಆಗಿಲ್ಲ, ಕಾರಿನ ಎಸಿ ಮತ್ತೆ ಬಿಸಿ ಗಾಳಿ

ವಿದ್ಯಾನಗರದವ
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 92 ಸಾವಿರ ಕಿಲೋಮೀಟರ್ ಓಡಿದೆ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕೆಲಸಕ್ಕೆ ಹೋಗಿ ಬರುತ್ತೇನೆ. ಹೋದ ವರ್ಷ ಮಾರ್ಚ್‌ನಲ್ಲಿ ಎಸಿ ತಂಪು ಕಡಿಮೆ ಆಯ್ತು. ಗ್ಯಾರೇಜಿನಲ್ಲಿ "ಗ್ಯಾಸ್ ಕಡಿಮೆ ಆಗೇತ್ರಿ" ಅಂತ ತುಂಬಿಕೊಟ್ಟರು, 1,400 ರೂಪಾಯಿ. ಆ ಬೇಸಿಗೆ ಕಳೆಯಿತು. ಈ ವರ್ಷ ಏಪ್ರಿಲ್‌ನಲ್ಲಿ ಮತ್ತೆ ಅದೇ ಕಥೆ. ಬೇರೆ ಗ್ಯಾರೇಜಿಗೆ ಹೋದೆ. ಅವರೂ ಗ್ಯಾಸ್ ತುಂಬಿ 1,800 ತೆಗೆದುಕೊಂಡರು. ಇಪ್ಪತ್ತು ದಿನ ಚೆನ್ನಾಗಿತ್ತು. ಮೊನ್ನೆಯಿಂದ ಬರೀ ಬಿಸಿ ಗಾಳಿ.

ನಾನೊಬ್ಬನೇ ಆಗಿದ್ದರೆ ಕಿಟಕಿ ಇಳಿಸಿಕೊಂಡು ಹೋಗುತ್ತಿದ್ದೆ. ಅವ್ವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ. ಮುಗಿಸಿ ಹೊರಗೆ ಬರುವಾಗ ಮಧ್ಯಾಹ್ನ ಎರಡು ಗಂಟೆ. ಮೊನ್ನೆ ಹೊಸೂರು ಸರ್ಕಲ್‌ನಲ್ಲಿ ಸಿಗ್ನಲ್‌ಗೆ ನಿಂತಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ "ತಲಿ ತಿರುಗಾಕತ್ತೈತಿ" ಅಂದಳು. ಅವತ್ತಿನಿಂದ ನನಗೆ ನೆಮ್ಮದಿ ಇಲ್ಲ.

ನಿನ್ನೆ ಮೂರನೇ ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ "ಕಂಪ್ರೆಸರ್ ಹೋಗಿದೆ, 18 ಸಾವಿರ ಆಗುತ್ತೆ" ಅಂದರು. ಗ್ಯಾಸಿನ ಒತ್ತಡ ನೋಡುವ ಗೇಜ್ ಹಾಕಲಿಲ್ಲ, ಏನೂ ಬಿಚ್ಚಲಿಲ್ಲ. ಮಾಡಿಸಲಾ, ಬೇಡವಾ? ತಿಳಿದವರು ಹೇಳಿ.

ಹಳೇಹುಬ್ಬಳ್ಳಿ
ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು ಸರ್. ಅದು ಖರ್ಚಾಗೋ ವಸ್ತು. ನಾನು ಯುಗಾದಿಗೆ ಮುಂಚೆ ಮಾಡಿಸಿಬಿಡುತ್ತೇನೆ, ಆಮೇಲೆ ಚಿಂತೆ ಇಲ್ಲ.

ಗೋಕುಲ್ ರೋಡ್ ಮಿಸ್ತ್ರಿ
ಹಳೇಹುಬ್ಬಳ್ಳಿ ಅಣ್ಣಾ, ದಯವಿಟ್ಟು ಹಾಗೆ ಹೇಳಬೇಡಿ. 18 ವರ್ಷದಿಂದ ನಾನು ಕಾರಿನ ಎಸಿ ಕೆಲಸವನ್ನೇ ಮಾಡುತ್ತಿದ್ದೇನೆ. ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಗ್ಯಾಸ್ ಅನ್ನೋದು ಪೆಟ್ರೋಲ್ ತರಹ ಉರಿದು ಖಾಲಿ ಆಗೋದಲ್ಲ. ಪೈಪಿನೊಳಗೆ ಅದೇ ಗ್ಯಾಸ್ ಸುತ್ತು ಹೊಡೆಯುತ್ತಾ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟು ದ್ರವ ಆಗುತ್ತದೆ. ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ತೂತು ದಾಟಿ ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲಿಗೆ ಬಂದು ಆವಿಯಾಗುತ್ತದೆ. ಆವಿಯಾಗುವಾಗ ಗಾಡಿಯೊಳಗಿನ ಬಿಸಿ ಎಳೆದುಕೊಳ್ಳುತ್ತದೆ, ಮತ್ತೆ ಕಂಪ್ರೆಸರಿಗೆ ಹೋಗುತ್ತದೆ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆಯಲ್ಲಿ ಚೂರುಚೂರು ಹೋಗೋದು ಸಹಜ. ಆದರೆ ಒಂದೇ ವರ್ಷದಲ್ಲಿ, ಅದರಲ್ಲೂ ಇಪ್ಪತ್ತು ದಿನದಲ್ಲಿ ಖಾಲಿ ಆಯ್ತು ಅಂದರೆ ಎಲ್ಲೋ ತೂತಿದೆ. ತೂತಿರುವ ಕೊಡಕ್ಕೆ ಎಷ್ಟು ಸಲ ನೀರು ತುಂಬುತ್ತೀರಿ?

ವಿದ್ಯಾನಗರದ ಸರ್, 18 ಸಾವಿರ ಈಗಲೇ ಕೊಡಬೇಡಿ. ಮೊದಲು ಒಂದು ಕೆಲಸ ಮಾಡಿ. ಎಂಜಿನ್ ಚಾಲೂ ಇಟ್ಟು ಎಸಿ ಒತ್ತಿ. ಕಂಪ್ರೆಸರಿನ ಪುಲ್ಲಿ ಮುಂದೆ ಒಂದು ತಟ್ಟೆ ಇರುತ್ತದೆ, ಅದು ಕ್ಲಚ್. ಎಸಿ ಒತ್ತಿದ ತಕ್ಷಣ "ಟಕ್" ಅಂತ ಹಿಡಿದು ಪುಲ್ಲಿ ಜೊತೆ ತಿರುಗಬೇಕು. ತಿರುಗುತ್ತಾ ನೋಡಿ. ಮುಂದಿನ ಫ್ಯಾನ್ ತಿರುಗುತ್ತಾ ಅದನ್ನೂ ನೋಡಿ. ಕೈ, ಅಂಗಿ ತೋಳು ಬೆಲ್ಟ್ ಹತ್ತಿರ ಒಯ್ಯಬೇಡಿ.

ರಾಣೆಬೆನ್ನೂರು ಟ್ಯಾಕ್ಸಿ
ಗಾಡಿ ನಿಂತಾಗ ಬಿಸಿ, ಓಡುವಾಗ ತಂಪು ಅಂತ ಇದೆಯಾ? ಹಾಗಿದ್ದರೆ ಫ್ಯಾನ್. ನನಗೆ ಎರಡು ವರ್ಷದ ಹಿಂದೆ ಹಾಗೇ ಆಗಿತ್ತು. ಬೈಪಾಸ್‌ನಲ್ಲಿ 80ರಲ್ಲಿ ಹೋದರೆ ಐಸ್, ಗಬ್ಬೂರು ಕ್ರಾಸ್‌ನಲ್ಲಿ ನಿಂತರೆ ಒಲೆ. ಮೂರು ಕಡೆ ಗ್ಯಾಸ್ ಅಂದರು. ಕೊನೆಗೆ ನೋಡಿದರೆ ಫ್ಯಾನ್ ಮೋಟರಿನ ಕಾರ್ಬನ್ ಸವೆದು ಹೋಗಿತ್ತು. ಗಾಡಿ ಓಡುವಾಗ ಎದುರು ಗಾಳಿ ಕಂಡೆನ್ಸರಿಗೆ ಹೊಡೆಯುತ್ತೆ, ನಿಂತಾಗ ಫ್ಯಾನ್ ಒಂದೇ ಗತಿ.

ವಿದ್ಯಾನಗರದವ
ನನ್ನದು ನಿಂತರೂ ಬಿಸಿ, ಓಡಿದರೂ ಬಿಸಿ. ಈಗ ನೋಡಿ ಬಂದೆ. ಎಂಜಿನ್ ಬಿಸಿಯಾದಾಗ ಫ್ಯಾನ್ ತಿರುಗುತ್ತೆ. ಕ್ಲಚ್ ತಟ್ಟೆ ಮಾತ್ರ ಅಲ್ಲಾಡಲೇ ಇಲ್ಲ. ಪುಲ್ಲಿ ತಿರುಗುತ್ತೆ, ನಡುವಿನ ತಟ್ಟೆ ಸುಮ್ನೆ ನಿಂತಿದೆ. ಅಂದರೆ ಕಂಪ್ರೆಸರ್ ನಿಜವಾಗಿಯೂ ಹೋಗಿದೆಯಾ?

ಗೋಕುಲ್ ರೋಡ್ ಮಿಸ್ತ್ರಿ
ಇಲ್ಲ ಸರ್, ಗಾಬರಿ ಆಗಬೇಡಿ. ಪೈಪಿನಲ್ಲಿ ಒಂದು ಪ್ರೆಶರ್ ಸ್ವಿಚ್ ಇರುತ್ತದೆ. ಗ್ಯಾಸ್ ತೀರಾ ಕಡಿಮೆ ಆದರೆ ಅದು ಕ್ಲಚ್ಚಿಗೆ ಕರೆಂಟ್ ಹೋಗೋದನ್ನೇ ತಡೆಯುತ್ತದೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಓಡಾಡುವಂಥದ್ದು. ಗ್ಯಾಸ್ ಇಲ್ಲದೆ ತಿರುಗಿದರೆ ಎಣ್ಣೆ ಸಿಗದೆ ಕಂಪ್ರೆಸರ್ ಜಾಮ್ ಆಗುತ್ತದೆ, ಅದಕ್ಕೇ ಆ ಸ್ವಿಚ್. ಕೆಲವರು ಆ ಸ್ವಿಚ್ಚಿನ ಎರಡು ವೈರ್ ಕೂಡಿಸಿ ಜಬರದಸ್ತಿ ಓಡಿಸಿ ತೋರಿಸುತ್ತಾರೆ. ನಿಮ್ಮ ಗಾಡಿಗೆ ಹಾಗೆ ಮಾಡಲು ಬಿಡಬೇಡಿ.

ಬ್ಯಾಡಗಿ ಖಾರ
ಫ್ಯೂಸ್, ರಿಲೇ (ಕ್ಲಚ್ಚಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿದಿರಾ? ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಐದು ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ಇಲಿ ಕ್ಲಚ್ಚಿನ ವೈರ್ ಕಡಿದಿತ್ತು, ಅದಕ್ಕೂ "ಕಂಪ್ರೆಸರ್ ಹೋಗಿದೆ" ಅಂದಿದ್ದರು. ವೈರ್ ಕೂಡಿಸಿ ಟೇಪ್ ಸುತ್ತಿದೆವು, ಮುಗೀತು.

ವಿದ್ಯಾನಗರದವ
ರಿಲೇ ಬದಲಿಸಿ ನೋಡಿದೆ. ಏನೂ ಆಗಲಿಲ್ಲ. ವೈರ್ ಸರಿ ಇದೆ.

ಎರೆಹೊಲ
ನಾನು ಅಣ್ಣಿಗೇರಿಯವನು. ನಮ್ಮ ಕಡೆ ಗಾಡಿಗಳಿಗೆ ಬೇರೆಯೇ ರೋಗ. ಹತ್ತಿ ಸೀಸನ್ನಿನಲ್ಲಿ ಜಿನ್ನಿಂಗ್ ಮಿಲ್ ಹತ್ತಿರ ದಿನಾ ಓಡಾಡುತ್ತೇನೆ. ಎಸಿ ದಿನದಿಂದ ದಿನಕ್ಕೆ ಮಂದ ಆಯ್ತು. ಮಿಸ್ತ್ರಿ ಬಂಪರ್ ಬಿಚ್ಚಿ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಹಾಕಿ ತೋರಿಸಿದ. ಹತ್ತಿಯ ಎಳೆ, ಎರೆಮಣ್ಣಿನ ಧೂಳು ಎರಡೂ ಸೇರಿ ಕೌದಿ ಹೊದಿಸಿದ ಹಾಗೆ ಕೂತಿತ್ತು. ಬೆರಳಿನಿಂದ ಎಳೆದರೆ ಹಾಳೆ ಹಾಳೆಯಾಗಿ ಬಂತು. ಮುಂದಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ, ಎಲ್ಲಾ ಹಿಂದಿನ ಬದಿಗೆ. ಗ್ಯಾಸ್ ಒಂದು ಗ್ರಾಂ ಹಾಕದೆ, ಬರೀ ತೊಳೆದು ಕೊಟ್ಟ. ಅವತ್ತೇ ತಂಪು.

ಬ್ಯಾಡಗಿ ಖಾರ
ನಮ್ಮಲ್ಲಿ ಮಾರ್ಕೆಟ್ ಸೀಸನ್‌ನಲ್ಲಿ ಗಾಡಿಯೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದರೆ ಕೆಂಪಗೆ ಬರುತ್ತೆ ಅಣ್ಣಾ. ಬ್ಲೋವರ್ ಹಾಕಿದರೆ ಮಕ್ಕಳು ಸೀನುತ್ತಾರೆ.

ಹಳೇಹುಬ್ಬಳ್ಳಿ
ಅವ್ವನನ್ನು ಚಿಗರಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಸರ್, ಎಸಿ ಇದೆ. ದಾರಿಯಲ್ಲಿ ಒಂದು ಎಳನೀರು ಕುಡಿಸಿ, ತಲೆ ಸುತ್ತು ನಿಲ್ಲುತ್ತೆ.

ಸಪ್ತಾಪುರ ಅಕ್ಕ
ತಮ್ಮಾ, ಎಳನೀರು ಬೇಡ! ಡಯಾಲಿಸಿಸ್‌ನವರಿಗೆ ಎಳನೀರು ಅಪಾಯ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತಕ್ಕೇ ತೊಂದರೆ ಕೊಡುತ್ತದೆ. ನೀರು, ಮಜ್ಜಿಗೆಯನ್ನೂ ಡಾಕ್ಟರು ಹೇಳಿದಷ್ಟೇ ಕುಡಿಯಬೇಕು. ನಮ್ಮ ಮಾವನವರನ್ನು ನಾಲ್ಕು ವರ್ಷ ನೋಡಿಕೊಂಡಿದ್ದೇನೆ, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ. ತಲೆ ಸುತ್ತಿದ್ದನ್ನು ಡಯಾಲಿಸಿಸ್ ಸಿಸ್ಟರಿಗೆ ತಪ್ಪದೆ ತಿಳಿಸಿ. ಅದು ಬಿಸಿಲಿನಿಂದಲೇ ಆಗಿರಬೇಕು ಅಂತಿಲ್ಲ, ಬಿಪಿ ಇಳಿದಿದ್ದರೂ ಹಾಗಾಗುತ್ತದೆ.

ಹಳೇಹುಬ್ಬಳ್ಳಿ
ಗೊತ್ತಿರಲಿಲ್ಲ ಅಕ್ಕಾ. ಹೇಳಿದ್ದು ಒಳ್ಳೆಯದಾಯ್ತು. ಸರ್, ನನ್ನ ಮಾತು ಬಿಟ್ಟುಬಿಡಿ.

ವಿದ್ಯಾನಗರದವ
ಎಳನೀರು ನಮಗೂ ಬೇಡ ಅಂದಿದ್ದಾರೆ ಅಕ್ಕಾ. ತಲೆ ಸುತ್ತಿದ ವಿಷಯ ಸಿಸ್ಟರಿಗೆ ಹೇಳಿದೆ. ಅಣ್ಣಾ, ಬಸ್ ಸ್ಟಾಪ್‌ವರೆಗೆ ನಡೆಯೋದೇ ಅವಳಿಗೆ ಕಷ್ಟ. ಕಾರೇ ಆಗಬೇಕು.

ಕಪ್ಪತಗುಡ್ಡ
ನನ್ನದೂ ಒಂದು ಪ್ರಶ್ನೆ ಸೇರಿಸುತ್ತೇನೆ, ಕ್ಷಮಿಸಿ. ಗದಗಿನಲ್ಲಿ ತೋರಿಸಿದಾಗ ಎಂಜಿನ್ ಬಂದ್ ಇಟ್ಟು ಗೇಜ್ ಹಾಕಿದರು. ಕಂಪ್ರೆಸರಿಗೆ ಗ್ಯಾಸ್ ಬರುವ ಲೋ ಕಡೆ, ಒತ್ತಿ ಕಳಿಸುವ ಹೈ ಕಡೆ, ಎರಡೂ ಕಡೆ ಒತ್ತಡ 95 ಪಿಎಸ್‌ಐ ಬಂತು. "ಗ್ಯಾಸ್ ಫುಲ್ ಇದೆ" ಅಂದರು. ಆದರೂ ತಂಪಿಲ್ಲ. ಇದು ಹೇಗೆ?

ಸಪ್ತಾಪುರ ಅಕ್ಕ
ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಇದು ನನ್ನ ಪಾಠದ ವಿಷಯ. ಗಾಡಿ ಬಂದ್ ಇದ್ದಾಗ ಆ ಗೇಜ್ ತೋರಿಸುವುದು ಹೊರಗಿನ ಉಷ್ಣತೆಯನ್ನೇ ಹೊರತು ಗ್ಯಾಸಿನ ಅಳತೆಯನ್ನಲ್ಲ. ಈ ಕಾರುಗಳ ಎಸಿಯಲ್ಲಿರುವ ಆರ್-134ಎ ಗ್ಯಾಸು 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ ಒತ್ತಡ ತೋರಿಸುತ್ತದೆ, 40 ಡಿಗ್ರಿಯಲ್ಲಿ ಸುಮಾರು 133. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೆ ಸಾಕು. 150 ಗ್ರಾಂ ಇದ್ದರೂ ಅದೇ, 400 ಗ್ರಾಂ ಇದ್ದರೂ ಅದೇ. ಮನೆಯ ಸಿಲಿಂಡರ್ ಅರ್ಧ ಆದರೂ ಒಲೆ ಮೊದಲಿನ ಜೋರಿನಲ್ಲೇ ಉರಿಯುತ್ತದಲ್ವಾ, ಹಾಗೆ. ಸಿಲಿಂಡರ್ ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ಎತ್ತಿ ತೂಕ ನೋಡುತ್ತೇವೆ. ಕಾರಿಗೂ ತೂಕವೇ ದಾರಿ.

ಗೋಕುಲ್ ರೋಡ್ ಮಿಸ್ತ್ರಿ
ಅಕ್ಕಾವರು ಸರಿಯಾಗಿ ಹೇಳಿದರು. ಬಾನೆಟ್ ಒಳಗೆ ಸ್ಟಿಕ್ಕರ್ ಇರುತ್ತದೆ, ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಸಣ್ಣ ಕಾರಿಗೆ 350ರಿಂದ 500 ಗ್ರಾಂ ಒಳಗೇ. ಇದ್ದದ್ದನ್ನು ಮಷಿನ್‌ಗೆ ಎಳೆದು ತೂಗಿ, ಮತ್ತೆ ತೂಗಿಯೇ ಹಾಕಬೇಕು. ಗೇಜ್ ನೋಡಬೇಕಾದದ್ದು ಎಂಜಿನ್ ಓಡುವಾಗ. ಎರಡೂ ಕಡೆ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಫ್ಯಾನ್, ಕಂಡೆನ್ಸರ್ ಕಸ, ಇಲ್ಲವೇ ಗ್ಯಾಸ್ ಜಾಸ್ತಿ ಹಾಕಿದ್ದಾರೆ. ಲೋ ಕಡೆ ಏರಿ ಹೈ ಕಡೆ ಇಳಿದಿದ್ದರೆ ಆಗ ಕಂಪ್ರೆಸರ್ ಮೇಲೆ ಅನುಮಾನ ಪಡಿ. ಗೇಜ್ ಹಾಕದೆ ಕಂಪ್ರೆಸರ್ ಅನ್ನುವವರ ಮಾತು ನಂಬಬೇಡಿ.

ರಾಣೆಬೆನ್ನೂರು ಟ್ಯಾಕ್ಸಿ
ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬರು ಅಡುಗೆ ಗ್ಯಾಸನ್ನೇ ಎಸಿಗೆ ಹಾಕಿಸಿದ್ದಾರೆ. ತಂಪು ಭರ್ಜರಿ, 300 ರೂಪಾಯಿ ಅಷ್ಟೇ ಅಂತಾರೆ. ಇದು ನಡೆಯುತ್ತಾ?

ಗೋಕುಲ್ ರೋಡ್ ಮಿಸ್ತ್ರಿ
ತಂಪಾಗುತ್ತದೆ, ಸುಳ್ಳಲ್ಲ. ಆದರೆ ಕೂಲಿಂಗ್ ಕಾಯಿಲ್ ಇರೋದು ಪ್ಯಾಸೆಂಜರ್ ಮೊಣಕಾಲಿನ ಮುಂದೆ. ಅದು ಸೋರಿದರೆ ಗ್ಯಾಸ್ ಕಿಟಕಿ ಮುಚ್ಚಿದ ಗಾಡಿಯೊಳಗೇ ತುಂಬುತ್ತದೆ. ಒಂದು ಕಿಡಿ ಸಾಕು. ಆ ಗಾಡಿ ನನ್ನ ಹತ್ತಿರ ಬಂದರೆ ನಾನು ಮುಟ್ಟುವುದಿಲ್ಲ, ನನ್ನ ಮಷಿನ್ನೂ ಹಾಳು. ಅವರಿಗೆ ಇವತ್ತೇ ಹೇಳಿ ತೆಗೆಸಿ.

ರಾಣೆಬೆನ್ನೂರು ಟ್ಯಾಕ್ಸಿ
ಹೇಳುತ್ತೇನೆ. ಗಾಡಿಯಲ್ಲಿ ಶಾಲೆ ಮಕ್ಕಳನ್ನು ಬಿಡುತ್ತಾರೆ ಅವರು.

ವಿದ್ಯಾನಗರದವ
ಭಾನುವಾರ ತೂತು ಹುಡುಕಲು ಟಾರ್ಚ್ ಹಿಡಿದು ಕೂತೆ. ಪಾತ್ರೆ ತೊಳೆಯುವ ಸೋಪು ನೀರಿಗೆ ಕಲಸಿ, ಹಳೇ ಟೂತ್‌ಬ್ರಶ್‌ನಿಂದ ಒಂದೊಂದು ಜಾಯಿಂಟಿಗೂ ಹಚ್ಚಿದೆ. ಗ್ಯಾಸ್ ತುಂಬುವ ಎರಡು ನಿಪ್ಪಲ್‌ಗಳಲ್ಲಿ ಒಂದಕ್ಕೆ ಮುಚ್ಚಳ ಇದೆ. ದಪ್ಪ ಪೈಪಿನ ಮೇಲಿರುವ ಇನ್ನೊಂದಕ್ಕೆ ಮುಚ್ಚಳವೇ ಇಲ್ಲ, ಬಾಯಿಯ ಸುತ್ತ ಕಪ್ಪು ಜಿಡ್ಡು. ಅದರ ಮೇಲೆ ಸೋಪು ಬಿಟ್ಟೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ನಿಧಾನಕ್ಕೆ ಕಡಲೆ ಕಾಳಿನಷ್ಟಾಗಿ ಒಡೆಯಿತು. ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಗುಳ್ಳೆ. ಸಿಕ್ಕಿತು! ಹೆಂಡತಿ, ಮಗ ಇಬ್ಬರನ್ನೂ ಕರೆದು ತೋರಿಸಿದೆ.

ಬ್ಯಾಡಗಿ ಖಾರ
ಸೂಪರ್! ಆ ನಿಪ್ಪಲ್ ಒಳಗಿನ ಪಿನ್ ಟೈರಿನ ವಾಲ್ವ್ ಪಿನ್ ತರಹದ್ದೇ, ಐವತ್ತು ನೂರು ರೂಪಾಯಿ ಒಳಗೆ ಮುಗಿಯುತ್ತೆ. 18 ಸಾವಿರ ಉಳಿಯಿತು.

ಗೋಕುಲ್ ರೋಡ್ ಮಿಸ್ತ್ರಿ
ಶಾಬಾಸ್ ಸರ್. ಪಿನ್ ಹಾಕಿಸಿ. ಎಸಿಗೆ ಅಂತಲೇ ಬರುವ ಪಿನ್ ಬೇಕು, ಟೈರಿನದ್ದು ನಡೆಯುವುದಿಲ್ಲ. ಪಿನ್ ನೀವೇ ಬಿಚ್ಚಬೇಡಿ. ಗ್ಯಾಸ್ ಚಿಮ್ಮಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಚರ್ಮ ಮಂಜುಗಟ್ಟಿ ಸುಡುತ್ತದೆ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನನಗೆ ಲೆಕ್ಕ ಕೂಡುತ್ತಿಲ್ಲ. ಮುಚ್ಚಳ ಬಿಟ್ಟವರು, ಪಿನ್ ಅಲುಗಾಡಿಸಿದವರು ಈ ಏಪ್ರಿಲ್‌ನಲ್ಲಿ ಗ್ಯಾಸ್ ಹಾಕಿದವರು ಇರಬಹುದು. ಇಪ್ಪತ್ತು ದಿನದಲ್ಲಿ ಖಾಲಿ ಆಗಿದ್ದಕ್ಕೆ ಅದು ಸರಿಯಾದ ಕಾರಣ. ಅದಕ್ಕೂ ಮುಂಚೆ, ಹೋದ ವರ್ಷದಿಂದ ಈ ವರ್ಷಕ್ಕೆ ನಿಧಾನಕ್ಕೆ ಹೋಗಿದ್ದು ಎಲ್ಲಿಂದ? ಇನ್ನೊಂದು ತೂತು ಇರಲೇಬೇಕು. ನೈಟ್ರೋಜನ್ ಹಾಕಿ ಪರೀಕ್ಷೆ ಮಾಡುವ ಕಡೆ ಹೋಗಿ. 150 ಪಿಎಸ್‌ಐ ತುಂಬಿ ಅರ್ಧ ಗಂಟೆ ಬಿಟ್ಟು ಮುಳ್ಳು ಇಳಿಯುತ್ತಾ ನೋಡಬೇಕು. ಗಾಳಿ ಕಂಪ್ರೆಸರಿನ ಗಾಳಿ ಬೇಡ, ಅದರ ತೇವ ಒಳಗೆ ಸೇರಿ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಐಸ್ ಕಟ್ಟುತ್ತದೆ.

ಹಳೇಹುಬ್ಬಳ್ಳಿ
ಸಿಕ್ಕಿದೆಯಲ್ವಾ, ಮತ್ತೆ ಯಾಕೆ ಖರ್ಚು? ಪಿನ್ ಹಾಕಿಸಿ ಗ್ಯಾಸ್ ತುಂಬಿಸಿ, ಹೋಗುತ್ತಾ ನೋಡಿದರಾಯ್ತು.

ಎರೆಹೊಲ
ಹೋದರೆ ಮತ್ತೆ 1,800 ರೂಪಾಯಿ. ಜೊತೆಗೆ ಅವ್ವ ಮತ್ತೆ ಬಿಸಿಲಲ್ಲಿ. ಮಿಸ್ತ್ರಿ ಹೇಳಿದ್ದೇ ಸರಿ.

ಸಪ್ತಾಪುರ ಅಕ್ಕ
ಇನ್ನೊಂದು ಮಾತು. ಸೋರಿ ಹೋದ ಆರ್-134ಎ ಸುಮ್ನೆ ಗಾಳಿಯಲ್ಲಿ ಕರಗುವುದಿಲ್ಲ. ಭೂಮಿಯ ಬಿಸಿ ಹೆಚ್ಚಿಸುವುದರಲ್ಲಿ ಒಂದು ಕಿಲೋ ಅದು, ಸಾವಿರ ಕಿಲೋಗೂ ಮೀರಿದ ಇಂಗಾಲದ ಡೈಆಕ್ಸೈಡಿಗೆ ಸಮ. ಅದಕ್ಕೂ ಹಿಂದಿನ ಆರ್-12 ಓಝೋನ್ ಪದರವನ್ನೇ ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಅದನ್ನು ಬಿಟ್ಟು ಇದಕ್ಕೆ ಬಂದರು. ಪ್ರತಿ ಬೇಸಿಗೆ ತುಂಬಿಸಿ ಪ್ರತಿ ವರ್ಷ ಸೋರಿಸುವುದು ಜೇಬಿಗಷ್ಟೇ ನಷ್ಟ ಅಲ್ಲ.

ಕಪ್ಪತಗುಡ್ಡ
ಅಕ್ಕಾ, ಕಾರಿಗೆ ಎಸಿ ಯಾವಾಗಿನಿಂದ ಬಂತು? ನಮ್ಮ ಅಪ್ಪನ ಅಂಬಾಸಿಡರ್‌ನಲ್ಲಿ ಒದ್ದೆ ಟವೆಲ್ಲೇ ಎಸಿ.

ಸಪ್ತಾಪುರ ಅಕ್ಕ
ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾಡೆಲ್‌ಗೆ ಕಂಪನಿಯಿಂದಲೇ ಕೂರಿಸಿ ಕೊಡಲು ಶುರುಮಾಡಿತು. ಡಿಕ್ಕಿಯ ಅರ್ಧದಷ್ಟು ಜಾಗವನ್ನು ಅದೇ ತಿನ್ನುತ್ತಿತ್ತು. ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಎಸಿ ಬೇಡ ಅಂದರೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು.

ವಿದ್ಯಾನಗರದವ
ಮಿಸ್ತ್ರಿಯವರ ಲೆಕ್ಕ ನೂರಕ್ಕೆ ನೂರು ಸರಿ. ಇವತ್ತು ನೈಟ್ರೋಜನ್ ಪರೀಕ್ಷೆ ಮಾಡಿಸಿದೆ. ಮೊದಲು ಪಿನ್ ಬದಲಿಸಿದರು. 150 ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಮುಳ್ಳು 138ಕ್ಕೆ ಇಳಿದಿತ್ತು. ಬಂಪರ್ ಬಿಚ್ಚಿದರು. ಕಂಡೆನ್ಸರಿನ ಕೆಳಗಿನ ಎಡಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಧೂಳು ಎಣ್ಣೆ ಹಿಡಿದು ಮೇಣದಂತೆ ಕೂತಿತ್ತು. ಉಳಿದ ಕಡೆ ಧೂಳು ಒಣಗಿ ಬೂದಿ ಬಣ್ಣ, ಅಲ್ಲಿ ಮಾತ್ರ ಕಪ್ಪು. ಕಲ್ಲು ಬಡಿದು ಕಂಡೆನ್ಸರಿನ ಎರಡು ತೆಳು ತಗಡಿನ ರೆಕ್ಕೆ ಮಡಚಿದ್ದವು, ಅದರ ಹಿಂದಿನ ಟ್ಯೂಬಿನಲ್ಲಿ ಸೂಜಿ ಮೊನೆಯಷ್ಟು ತೂತು. ಸೋಪು ಹಾಕಿದರೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬಂದವು. ಈ ಗುಳ್ಳೆ ನನಗೆ ಮನೆಯಲ್ಲಿ ಕಾಣುವ ಸಾಧ್ಯತೆಯೇ ಇರಲಿಲ್ಲ, ಬಂಪರ್ ಒಳಗಿತ್ತು.

ಕಂಡೆನ್ಸರ್ ಬೆಸುಗೆ ಹಾಕೋಣವೋ, ಹೊಸದು ಹಾಕೋಣವೋ ಅಂತ ಕೇಳುತ್ತಿದ್ದಾರೆ.

ಗೋಕುಲ್ ರೋಡ್ ಮಿಸ್ತ್ರಿ
ಹೊಸದೇ ಹಾಕಿಸಿ. ತೆಳು ಅಲ್ಯೂಮಿನಿಯಂ ಟ್ಯೂಬಿಗೆ ಬೆಸುಗೆ ಹಾಕಿದರೆ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ. ಪೈಪ್ ಬಾಯಿ ತೆರೆದ ಮೇಲೆ ಡ್ರೈಯರ್ ಕೂಡ ಬದಲಿಸಿ, ಅದು ತೇವ ಹೀರಿಕೊಳ್ಳುವ ಭಾಗ. ಜಾಯಿಂಟಿನ ರಬ್ಬರ್ ಓ-ರಿಂಗ್ ಹೊಸದು. ಹೋದ ಎಣ್ಣೆಯಷ್ಟು ಸರಿಯಾದ ಎಣ್ಣೆ ಸೇರಿಸಲು ಹೇಳಿ. ಆಮೇಲೆ ವ್ಯಾಕ್ಯೂಮ್, ಅಂದರೆ ಪಂಪಿನಿಂದ ಒಳಗಿನ ಗಾಳಿ ಎಳೆಯುವುದು, ಕನಿಷ್ಠ ಅರ್ಧ ಗಂಟೆ, ಪಕ್ಕದಲ್ಲೇ ನಿಂತು ನೋಡಿ. ಐದು ನಿಮಿಷಕ್ಕೆ ಮುಗಿಸಿದರೆ ಒಪ್ಪಬೇಡಿ.

ಕಪ್ಪತಗುಡ್ಡ
ವ್ಯಾಕ್ಯೂಮ್‌ನಲ್ಲಿ ಗೇಜ್ ಮೈನಸ್ 30 ಇಂಚಿಗೆ (ಪಾದರಸದ ಲೆಕ್ಕ) ಮುಟ್ಟಬೇಕು ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಅದಕ್ಕಿಂತ ಕಡಿಮೆ ಬಂದರೆ ಪಂಪ್ ಸರಿ ಇಲ್ಲ ಅಂತ.

ಸಪ್ತಾಪುರ ಅಕ್ಕ
ಅದು ಸಮುದ್ರದ ಪಕ್ಕದ ಊರಿನ ಲೆಕ್ಕ. ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ನಮ್ಮ ಕಡೆ ಒಳ್ಳೆಯ ಪಂಪಿನಲ್ಲೂ ಮುಳ್ಳು 27-28ರ ಹತ್ತಿರ ನಿಲ್ಲುತ್ತದೆ. ನೋಡಬೇಕಾದದ್ದು, ಪಂಪ್ ಬಂದ್ ಮಾಡಿದ ಮೇಲೆ ಅದು ಅಲ್ಲೇ ನಿಲ್ಲುತ್ತಾ ಅಂತ. ಅಷ್ಟು ಕಡಿಮೆ ಒತ್ತಡದಲ್ಲಿ ಒಳಗಿನ ತೇವ ಕೋಣೆಯ ಬಿಸಿಗೇ ಕುದಿದು ಆವಿಯಾಗುತ್ತದೆ, ಪಂಪ್ ಅದನ್ನು ಎಳೆದು ಹೊರಗೆ ಹಾಕುತ್ತದೆ. ಅದಕ್ಕೇ ಅರ್ಧ ಗಂಟೆ ಬೇಕು.

ಗೋಕುಲ್ ರೋಡ್ ಮಿಸ್ತ್ರಿ
27ಕ್ಕೇ ಯಾಕೆ ನಿಲ್ಲುತ್ತೆ ಅಂತ ಇಷ್ಟು ವರ್ಷ ನನಗೂ ಪ್ರಶ್ನೆ ಇತ್ತು ಅಕ್ಕಾ. ಇವತ್ತು ತಿಳಿಯಿತು.

ವಿದ್ಯಾನಗರದವ
ಕೆಲಸ ಮುಗಿಯಿತು. ಕಂಡೆನ್ಸರ್ 4,200, ಡ್ರೈಯರ್ 650, ಪಿನ್, ಓ-ರಿಂಗ್, ಎಣ್ಣೆ, ಗ್ಯಾಸ್, ಕೂಲಿ ಎಲ್ಲಾ ಸೇರಿ 8,100 ಆಯ್ತು. ವ್ಯಾಕ್ಯೂಮ್ 40 ನಿಮಿಷ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಸ್ಟಿಕ್ಕರ್‌ನಲ್ಲಿ 380 ಗ್ರಾಂ ಇತ್ತು, ತೂಗಿ ಅಷ್ಟೇ ಹಾಕಿದರು. ಎಸಿ ಒತ್ತಿದೆ. "ಟಕ್" ಅಂತು ಕ್ಲಚ್. ಆ ಸದ್ದು ಕೇಳಿ ಎಷ್ಟು ಸಮಾಧಾನ ಆಯ್ತು ಅಂದರೆ ಹೇಳಲಾರೆ. ಲೋ ಕಡೆ 36, ಹೈ ಕಡೆ 220. ಹೊರಗೆ 36 ಡಿಗ್ರಿ ಬಿಸಿಲು, ಗಾಳಿ ಬರುವ ಕಿಂಡಿಯಲ್ಲಿ ಥರ್ಮಾಮೀಟರ್ ಇಟ್ಟರೆ 8. ಕಂಪ್ರೆಸರ್ ಹಳೆಯದೇ, ಗಟ್ಟಿಯಾಗಿದೆ.

ಇವತ್ತು ಅವ್ವನನ್ನು ಕರೆದುಕೊಂಡು ಬಂದೆ. ಮೊದಲು ನಾಲ್ಕೂ ಕಿಟಕಿ ಇಳಿಸಿ ಒಂದು ನಿಮಿಷ ಒಳಗಿನ ಝಳ ಹೊರಗೆ ಬಿಟ್ಟು, ಆಮೇಲೆ ಎಸಿ ಹಾಕಿ, ಒಳಗಾಳಿ ಸುತ್ತುವ ಬಟನ್ ಒತ್ತಿದೆ. ಹೊಸೂರು ಸರ್ಕಲ್ ದಾಟುವಾಗ ತಿರುಗಿ ನೋಡಿದರೆ ಸೆರಗು ಹೊದ್ದು ನಿದ್ದೆ ಮಾಡುತ್ತಿದ್ದಳು. ಮನೆ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಎಬ್ಬಿಸಬೇಕಾಯಿತು.

ಸಪ್ತಾಪುರ ಅಕ್ಕ
ಇದನ್ನು ಓದಿ ತುಂಬಾ ಖುಷಿ ಆಯ್ತು ತಮ್ಮಾ. ಅವ್ವಗೆ ನಮಸ್ಕಾರ ಹೇಳು.

ಹಳೇಹುಬ್ಬಳ್ಳಿ
ನಾಳೆ ನನ್ನ ಗಾಡಿಯನ್ನೂ ನೈಟ್ರೋಜನ್ ಹಾಕಿಸಿ ನೋಡಿಸುತ್ತೇನೆ. ಐದು ವರ್ಷದಿಂದ ಪ್ರತಿ ಯುಗಾದಿಗೂ ತುಂಬಿಸಿದ್ದೇನೆ.

ಎರೆಹೊಲ
ಮಿಸ್ತ್ರಿ ಅಣ್ಣಾ, ಕಂಡೆನ್ಸರ್ ಮನೆಯಲ್ಲೇ ತೊಳೆಯಬಹುದಾ? ವಾಟರ್ ಸರ್ವಿಸ್‌ನಲ್ಲಿ ಗನ್ ಹಿಡಿದು ಹೊಡೆಯುತ್ತಾರಲ್ಲ, ಅದು ಸರಿಯಾ?

ಗೋಕುಲ್ ರೋಡ್ ಮಿಸ್ತ್ರಿ
ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಲಗಿಬಿಡುತ್ತವೆ, ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ಎಂಜಿನ್ ತಣ್ಣಗಾದ ಮೇಲೆ ಮನೆಯ ನಲ್ಲಿ ಪೈಪಿನಿಂದ, ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ ನೀರು ಬಿಡಿ. ಹತ್ತಿ ಸೀಸನ್ ಮುಗಿದ ಮೇಲೆ ಒಂದು ಸಲ, ಬೇಸಿಗೆ ಶುರುವಾಗುವಾಗ ಒಂದು ಸಲ ಸಾಕು. ಬೇವಿನ ಮರದ ಕೆಳಗೆ ನಿಲ್ಲಿಸುವವರು ಕ್ಯಾಬಿನ್ ಫಿಲ್ಟರ್ ತೆಗೆದು ಎಲೆ, ಹೂವು ಝಾಡಿಸಿ.